ಗುಮ್ಮನೂ ಮಕ್ಕಳ ಕಾದಂಬರಿಯೂ

ಕನ್ನಡದ ಮಗು ಮಾತು ಕಲಿಯುವ ಕಾಲದಲ್ಲಿ ಮೊದಮೊದಲು ಕೇಳುವ ನುಡಿಗಳಲ್ಲಿ ‘ಗುಮ್ಮ’ ಎಂಬುದೂ ಒಂದು. ಅನ್ನ ಒಲ್ಲೆನೆಂದರೆ ಗುಮ್ಮ ಬರುತ್ತಾನೆ. ಮಲಗದೆ ಹಟ ಹಿಡಿದರೆ ಗುಮ್ಮ ಬರುತ್ತಾನೆ. ಹೊಸಿಲು ದಾಟಿ ಬೀದಿಗಿಳಿದರಂತೂ ಅವನು ಅಲ್ಲಿಯೇ ಕಾದು ಕುಳಿತಿರುತ್ತಾನೆ. ಅವನಿಗೆ ಇಂಥದೇ ರೂಪವೆಂಬುದಿಲ್ಲ, ಇಂಥದೇ ಊರೆಂಬುದಿಲ್ಲ. ಹೆಸರೊಂದೇ ಸಾಕು. ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ, ಲೋಕವನ್ನೇ ಕಾಯುವ ಕೃಷ್ಣನು ಕೂಡ ಗುಮ್ಮನನ್ನು ಕರೆಯಬೇಡವೆಂದು ತಾಯಿಯ ಮುಂದೆ ಅಂಗಲಾಚುತ್ತಾನೆ. ಮಗುವಿನ ಭಯವನ್ನು ದಾಸರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಅದೊಂದು ನಿದರ್ಶನ.

ವಿಚಿತ್ರವೆಂದರೆ, ಗುಮ್ಮನಿಗೆ ಹೆದರಿ ತಾಯಿಯ ಸೆರಗಿನಲ್ಲಿ ಮುಖ ಮರೆಸಿಕೊಂಡ ಆ ಮಗುವೇ ಎಂಟು ಹತ್ತು ವರ್ಷದ್ದಾದಾಗ ಗುಮ್ಮನನ್ನು ಹುಡುಕಿಕೊಂಡು ಹೊರಡುತ್ತದೆ. ಗುಬ್ಬಿಯ ತೋಟದ ಮನೆಯಲ್ಲಾಗಲಿ, ತುಮಕೂರಿನ ಬಡಾವಣೆಯಲ್ಲಾಗಲಿ, ರಾತ್ರಿ ಕರೆಂಟು ಹೋದೊಡನೆ ಮಕ್ಕಳು ಗುಂಪುಗೂಡಿ, “ಅಜ್ಜೀ, ದೆವ್ವದ ಕತೆ ಹೇಳು” ಎಂದು ದುಂಬಾಲು ಬೀಳುತ್ತಾರೆ. ಕಥೆ ಮುಗಿದ ಮೇಲೆ ಹಿತ್ತಲಿಗೆ ಒಬ್ಬರೇ ಹೋಗಿಬರಲು ಯಾರಿಗೂ ಧೈರ್ಯವಿರುವುದಿಲ್ಲ. ಆದರೂ ಮರುದಿನ ಮತ್ತೆ ಅದೇ ಬೇಡಿಕೆ.

ಈ ಬೇಡಿಕೆಗೆ ಅಜ್ಜಿಯರು ಓಗೊಟ್ಟಷ್ಟು ಕನ್ನಡದ ಲೇಖಕರು ಓಗೊಟ್ಟಿಲ್ಲ. ಕನ್ನಡದಲ್ಲಿ ಶಿಶುಗೀತೆಗಳಿಗೆ ಕೊರತೆಯಿಲ್ಲ, ನೀತಿಕಥೆಗಳಂತೂ ಬೇಕಾದಷ್ಟಿವೆ, ಮಹಾಪುರುಷರ ಜೀವನಚರಿತ್ರೆಗಳೂ ಸಾಲುಸಾಲಾಗಿ ಬಂದಿವೆ. ಆದರೆ ಶಿಶುಗೀತೆಯ ವಯಸ್ಸು ದಾಟಿದ, ದೊಡ್ಡವರ ಕಾದಂಬರಿಯ ವಯಸ್ಸಿಗೆ ಇನ್ನೂ ಬಾರದ, ೮ರಿಂದ ೧೨ ವರ್ಷದ ಓದುಗರಿಗಾಗಿ ಬರೆದ ಮೈನವಿರೇಳಿಸುವ ಕಾದಂಬರಿಗಳು ವಿರಳ. ಅಂಥವು ಬೇಕು, ಬೇಕೆಂದು ಮಕ್ಕಳು ಕೇಳುತ್ತಿರುವುದರಿಂದ ಮಾತ್ರವಲ್ಲ, ಇಲ್ಲದಿರುವುದರಿಂದ ಒಂದು ಕೇಡು ನಡೆಯುತ್ತಿರುವುದರಿಂದಲೂ ಬೇಕು. ಆ ಕೇಡು ಯಾವುದೆಂಬುದನ್ನು ವಿಚಾರಿಸುವುದಕ್ಕೆ ಮುನ್ನ, ಬೇಡವೆನ್ನುವವರ ಮಾತನ್ನು ಕೇಳಬೇಕು.

ದೆವ್ವದ ಕಥೆ ಮೂಢನಂಬಿಕೆಯನ್ನು ಬೆಳೆಸುತ್ತದೆ ಎಂಬುದು ಅವರ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯ ಮೂಲಕ ಭಾರತದ ಸಂವಿಧಾನವೇ ಹೇಳಿದೆ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆಗೆ ಒಡ್ಡುವ ಸಮಿತಿಯೊಂದನ್ನು ರಚಿಸಿ ನಾಡಿನಲ್ಲೆಲ್ಲ ಚರ್ಚೆಯನ್ನೆಬ್ಬಿಸಿದರು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕದ ವಿಧಾನಮಂಡಲ ೨೦೧೭ರಲ್ಲಿ ಅಂಗೀಕರಿಸಿತು. ಅದು ೨೦೨೦ರ ಜನವರಿಯಲ್ಲಿ ಜಾರಿಗೆ ಬಂದಿತು. ಭೂತವನ್ನು ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಹೊಡೆಯುವ, ಬರೆ ಹಾಕುವ ನಾಡಿನಲ್ಲಿ ಇಂಥ ಕಾಯಿದೆ ಬೇಕಾಯಿತು. ಹೀಗಿರಲು ಮಕ್ಕಳ ಕೈಗೆ ದೆವ್ವದ ಪುಸ್ತಕವನ್ನು ಕೊಡುವುದು ಸರಿಯೇ ಎಂದು ಉಪಾಧ್ಯಾಯರೊಬ್ಬರು ಕೇಳಿದರೆ, ಅವರ ಪ್ರಶ್ನೆಯಲ್ಲಿ ಮಕ್ಕಳ ಮೇಲಿನ ಕಾಳಜಿಯೇ ಇದೆ.

ಆದರೆ ಒಂದು ಸಂಗತಿಯನ್ನು ಅವರು ಗಮನಿಸಬೇಕು. ಮಕ್ಕಳ ತಲೆಯಲ್ಲಿ ದೆವ್ವವನ್ನು ಹೊಗಿಸಿದುದು ಪುಸ್ತಕವಲ್ಲ. ೧೯೯೦ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಒಂದು ಸುದ್ದಿ ಹಬ್ಬಿತು. ರಾತ್ರಿಯ ಹೊತ್ತು ದೆವ್ವವೊಂದು ಮನೆಮನೆಯ ಬಾಗಿಲು ತಟ್ಟುವುದಂತೆ. ಒಳಗಿರುವವರ ತಾಯಿಯದೋ ಅಕ್ಕನದೋ ದನಿಯಲ್ಲಿ ಹೆಸರು ಹಿಡಿದು ಕೂಗುವುದಂತೆ. ಬಾಗಿಲು ತೆರೆದವರು ಉಳಿಯರಂತೆ. ಇದಕ್ಕೆ ಜನ ಕಂಡುಕೊಂಡ ಉಪಾಯವೂ ಸೊಗಸಾದುದೇ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಅದನ್ನು ಓದಿ ಹಿಂದಿರುಗುವುದು. ಮರುದಿನ ಬಂದಾಗಲೂ ಅದೇ ಬರಹ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿದ್ದುದು ಒಂದು ಸಮಾಧಾನ. ನಗೆಯ ಮಾತು ಹಾಗಿರಲಿ. ಆ ಕಾಲದ ಎಷ್ಟೋ ಮಕ್ಕಳು ನಿದ್ದೆಗೆಟ್ಟು ರಾತ್ರಿ ಕಳೆದರು. ನೆಂಟರು ಬಾಗಿಲು ತಟ್ಟಿದರೂ ಬೆಚ್ಚಿಬಿದ್ದರು. ಇದಾವುದೂ ಕಾದಂಬರಿಯಿಂದ ಬಂದುದಲ್ಲ. ಬಾಯಿಂದ ಬಾಯಿಗೆ ಹರಡಿದ ವದಂತಿಯಿಂದ ಬಂದುದು.

ವದಂತಿಗೂ ಕಥೆಗೂ ಇರುವ ಅಂತರವನ್ನು ಇಲ್ಲಿಯೇ ಕಾಣಬಹುದು. ವದಂತಿ ತಾನು ನಿಜವೆಂದು ಸಾಧಿಸುತ್ತದೆ. “ಪಕ್ಕದ ಬೀದಿಯಲ್ಲೇ ನಡೆಯಿತಂತೆ” ಎನ್ನುತ್ತದೆ. ಕಥೆಯಾದರೋ ‘ಒಂದಾನೊಂದು ಊರಿನಲ್ಲಿ’ ಎಂದು ಮೊದಲಾಗಿ, ತಾನು ಕಥೆಯೆಂಬುದನ್ನು ಒಪ್ಪಿಕೊಂಡೇ ಮುಂದೆ ಸಾಗುತ್ತದೆ. ವದಂತಿಯಲ್ಲಿ ಕೇಳುವವನಿಗೆ ಹೆದರುವುದೊಂದೇ ಕೆಲಸ. ಕಥೆಯಲ್ಲಿ ಅವನ ವಯಸ್ಸಿನ ಹುಡುಗನೋ ಹುಡುಗಿಯೋ ಕತ್ತಲೊಳಗೆ ಹೆಜ್ಜೆಯಿಟ್ಟು, ತಪ್ಪುಮಾಡಿ, ಯೋಚಿಸಿ, ಕೊನೆಗೆ ಹೊರಗೆ ಬರುತ್ತಾರೆ; ಓದುವ ಮಗುವೂ ಅವರೊಡನೆ ಹೊರಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕಥೆಗೆ ಕೊನೆಯೆಂಬುದುಂಟು. ವದಂತಿಗೆ ಅದಿಲ್ಲ. ‘ನಾಳೆ ಬಾ’ ಎಂಬ ಬರಹದಲ್ಲಿಯೇ ಆ ಕೊನೆಯಿಲ್ಲದಿರುವಿಕೆ ಅಡಗಿದೆ. ನಾಳೆಯ ಭಯ ನಾಳೆಗೂ ಉಳಿಯುತ್ತದೆ. ಇಂದು ಮೊಬೈಲಿನಲ್ಲಿ ‘ನಿಜವಾದ ದೆವ್ವ’ ಎಂಬ ಹೆಸರಿನಿಂದ ಮಕ್ಕಳ ಕಣ್ಣಿಗೆ ಬೀಳುವ ಚಿತ್ರಗಳು ಈ ವದಂತಿಯ ಮೊಮ್ಮಕ್ಕಳೇ ಸರಿ. ಒಳ್ಳೆಯ ಕಾದಂಬರಿ ದೊರೆಯದ ಮಗುವಿಗೆ ಭಯದ ಬಯಕೆ ಇಲ್ಲವಾಗುವುದಿಲ್ಲ. ಅದು ಸಿಕ್ಕಿದುದನ್ನು ತಿನ್ನುತ್ತದೆ. ಮೇಲೆ ಹೇಳಿದ ಕೇಡು ಇದೇ.

ಭಯವನ್ನು ಕಥೆಯಾಗಿಸುವ ವಿದ್ಯೆ ಹೊಸದೂ ಅಲ್ಲ, ಹೊರಗಿನಿಂದ ಬಂದುದೂ ಅಲ್ಲ. ಭರತನ ನಾಟ್ಯಶಾಸ್ತ್ರ ಎಣಿಸುವ ಎಂಟು ರಸಗಳಲ್ಲಿ ಭಯಾನಕವೂ ಒಂದು. ಯಾವುದರಿಂದ ಈ ರಸ ಹುಟ್ಟುತ್ತದೆಂಬುದನ್ನು ಹೇಳುವಾಗ ಆ ಗ್ರಂಥ ವಿಕಾರವಾದ ಸದ್ದುಗಳನ್ನೂ, ಭೂತಗಳ ದರ್ಶನವನ್ನೂ, ನರಿ ಗೂಬೆಗಳನ್ನೂ, ಹಾಳುಮನೆಯನ್ನೂ, ಕಾಡಿನ ಪಯಣವನ್ನೂ ಹೆಸರಿಸುತ್ತದೆ. ಇಂದಿನ ದೆವ್ವದ ಸಿನಿಮಾದವರಿಗೂ ಇದಕ್ಕಿಂತ ಹೆಚ್ಚಿನದೇನೂ ಹೊಳೆದಂತಿಲ್ಲ! ಬದುಕಿನಲ್ಲಿ ಬೇಡವೆನಿಸುವ ಭಯ ಕಾವ್ಯದಲ್ಲಿ ಹೇಗೆ ಸವಿಯಾಗುತ್ತದೆಂಬುದು ಭಾರತೀಯ ಮೀಮಾಂಸಕರನ್ನು ಬಹುಕಾಲ ಕಾಡಿದ ಪ್ರಶ್ನೆ. ಆ ಮೀಮಾಂಸೆಯನ್ನೆಲ್ಲ ತಿಳಿಗನ್ನಡದಲ್ಲಿ ಬಿಡಿಸಿಟ್ಟ ‘ಭಾರತೀಯ ಕಾವ್ಯಮೀಮಾಂಸೆ’ ಎಂಬ ಗ್ರಂಥವನ್ನು ಬರೆದ ತೀ. ನಂ. ಶ್ರೀಕಂಠಯ್ಯನವರು ತುಮಕೂರು ಜಿಲ್ಲೆಯ ತೀರ್ಥಪುರದವರು.

ಹಳಗನ್ನಡದ ಕವಿಗಳೂ ಭಯಕ್ಕೆ ಬೆನ್ನು ತೋರಿದವರಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳು ಬಿದ್ದ ರಣರಂಗವನ್ನು ಹಾದುಹೋಗುವಾಗ ಮರುಳುಗಳು ಅವನನ್ನು ಅಣಕಿಸುತ್ತವೆ. ಆದರೆ ಮಕ್ಕಳ ಕಾದಂಬರಿ ಬರೆಯುವವರು ಮುಖ್ಯವಾಗಿ ನೆನೆಯಬೇಕಾದುದು ಜನ್ನನನ್ನು. ೧೨೦೯ರಲ್ಲಿ ರಚಿತವಾದ ಯಶೋಧರ ಚರಿತೆ ತೆರೆದುಕೊಳ್ಳುವುದೇ ಒಂದು ಘೋರವಾದ ಗುಡಿಯಲ್ಲಿ. ಚಂಡಮಾರಿಗೆ ಬಲಿಕೊಡುವುದಕ್ಕೆಂದು ಅಭಯರುಚಿ, ಅಭಯಮತಿ ಎಂಬ ಎಳೆಯ ವಯಸ್ಸಿನ ಅಣ್ಣತಂಗಿಯರನ್ನು ಹಿಡಿದು ತರುತ್ತಾರೆ. ಸುತ್ತಲೂ ಬಲಿಯ ಪ್ರಾಣಿಗಳು. ಎದುರಿಗೆ ಕತ್ತಿ ಹಿಡಿದ ರಾಜ ಮಾರಿದತ್ತ. ಅವರು ಓಡುವುದಿಲ್ಲ, ಅಳುವುದೂ ಇಲ್ಲ. ಕೇಳಿದ ರಾಜನಿಗೆ ತಮ್ಮ ಜನ್ಮಜನ್ಮಾಂತರದ ಕಥೆಯನ್ನು ಹೇಳುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ರಾಜನ ಮನಸ್ಸು ಬದಲಾಗಿರುತ್ತದೆ. ಜನ್ನನು ಬರೆದುದು ಮಕ್ಕಳಿಗಾಗಿ ಅಲ್ಲ, ನಿಜ. ಆದರೂ ಮಕ್ಕಳಿಬ್ಬರನ್ನು ನಾಡಿನಲ್ಲೇ ಅತಿ ಭಯಂಕರವಾದ ಜಾಗಕ್ಕೆ ಕರೆದೊಯ್ದು, ಅವರ ಹೆಸರಿನಲ್ಲಿಯೇ ಅಭಯವನ್ನಿಟ್ಟು, ಕತ್ತಿಯಿಂದಲ್ಲದೆ ಮಾತಿನಿಂದಲೇ ಅವರನ್ನು ಗೆಲ್ಲಿಸಿದ ಕವಿಯಿಂದ ಇಂದಿನ ಲೇಖಕರು ಕಲಿಯುವುದು ಬಹಳ ಇದೆ.

ಬೇತಾಳನ ಕಥೆಗಳ ಮಾತನ್ನು ಬಿಡುವಂತಿಲ್ಲ. ಮೂಲದಲ್ಲಿ ಅವು ೨೫. ‘ಚಂದಮಾಮ’ ಪತ್ರಿಕೆ ಅಷ್ಟಕ್ಕೆ ನಿಲ್ಲದೆ ಹೊಸ ಕಥೆಗಳನ್ನು ಹೆಣೆಯುತ್ತ ದಶಕಗಳ ಕಾಲ ಮುಂದುವರಿಸಿತು. ಮಸಣ, ಹೆಣ, ಕತ್ತಿ ಹಿಡಿದ ವಿಕ್ರಮ, ಇವೆಲ್ಲ ಇದ್ದ ಆ ಚಿತ್ರವನ್ನು ಬರೆದ ಕಲಾವಿದ ಶಂಕರ್ ೨೦೨೦ರಲ್ಲಿ ತೀರಿಕೊಂಡಾಗ, ಮೊಮ್ಮಕ್ಕಳನ್ನು ಕಂಡ ಎಷ್ಟೋ ಓದುಗರು ತಮ್ಮ ಬಾಲ್ಯವನ್ನು ನೆನೆದರು. ಆ ಓದುಗರಾರೂ ಹೆಣದೊಳಗೆ ಬೇತಾಳ ಸೇರುವುದೆಂದು ನಂಬಿ ಬಾಳಿದವರಲ್ಲ. ಬೇತಾಳ ಕೇಳುತ್ತಿದ್ದ ಪ್ರಶ್ನೆ ಮಾತ್ರ ಅವರಲ್ಲಿ ಉಳಿಯಿತು.

ತುಮಕೂರಿನ ಸೀಮೆಗೆ ಈ ವಿದ್ಯೆ ರಂಗಭೂಮಿಯ ಮೂಲಕವೂ ಪರಿಚಿತವಾದುದು. ಮೂಡಲಪಾಯ ಯಕ್ಷಗಾನದ ಆಟದಲ್ಲಿ ರಾಕ್ಷಸ ವೇಷ ತೆರೆಯ ಹಿಂದೆ ಅಬ್ಬರಿಸತೊಡಗಿದೊಡನೆ ಮುಂದಿನ ಸಾಲಿನ ಮಕ್ಕಳು ಹಿಂದೆ ಸರಿಯುವುದುಂಟು. ಎದ್ದು ಮನೆಗೆ ಹೋಗುವ ಮಗುವಂತೂ ಇಲ್ಲ. ಅದೇ ರಂಗದಲ್ಲಿ ಕೋಡಂಗಿಯೂ ಕುಣಿದು ನಗಿಸುತ್ತಾನೆ. ಭಯದ ಬೆನ್ನಿಗೆ ನಗೆ ಬಾರದಿದ್ದರೆ ಮಕ್ಕಳು ಭಯವನ್ನು ತಾಳಲಾರರೆಂಬುದು ಆ ಆಟವಾಡಿಸಿದ ಹಿರಿಯರಿಗೆ ಗೊತ್ತಿತ್ತು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೂ ಇದು ಗೊತ್ತಿತ್ತು. ಆ ಕಂಪನಿಯನ್ನು ನಾಡಿನಲ್ಲೆಲ್ಲ ಹೆಸರಾಗಿಸಿದ ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದಲೇ ಮನೆಮಾತಾದರು. ಕತ್ತಲಲ್ಲಿ ಬರುವ ಕಳ್ಳನನ್ನು ಕಂಡು ಜನ ಹೆದರಬೇಕು; ಆದರೆ ವೀರಣ್ಣನವರ ಕಳ್ಳನನ್ನು ಕಾಣಲು ಟಿಕೆಟ್ಟು ಕೊಂಡು ಬಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಕ್ಕಳಿಗೆ ಭಯದ ಕಾದಂಬರಿ ಬರೆಯುವವನಿಗೆ ನಗಿಸಲು ಬಾರದಿದ್ದರೆ ಅವನು ಆ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಇನ್ನು ಬರೆಯುವ ಬಗೆಯ ವಿಚಾರ. ರಕ್ತ, ತುಂಡಾದ ಕೈಕಾಲು, ಕಿರುಚಾಟ, ಇವುಗಳಿಂದ ಹುಟ್ಟುವುದು ಹೇಸಿಕೆಯೇ ಹೊರತು ಭಯವಲ್ಲ. ಭಯ ಹುಟ್ಟುವುದು ಪರಿಚಿತವಾದುದು ತುಸು ಅಪರಿಚಿತವಾದಾಗ. ಇದಕ್ಕೆ ವಿದೇಶದ ಹಳೆಯ ಕೋಟೆಯಾಗಲಿ, ಹಿಮ ಬೀಳುವ ಊರಾಗಲಿ ಬೇಕಿಲ್ಲ. ಗುಬ್ಬಿ, ತಿಪಟೂರು ಕಡೆಯ ತೆಂಗಿನ ತೋಟದ ಮನೆಗಳಲ್ಲಿ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ರಾಶಿ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕೊಬ್ಬರಿಯಾಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಂಥ ಕಾಯಿಯನ್ನು ಅಲುಗಿಸಿದರೆ ಒಳಗೆ ಏನೋ ಲೊಟಲೊಟನೆ ಬಡಿದುಕೊಳ್ಳುವ ಸದ್ದು. ನಡುರಾತ್ರಿಯಲ್ಲಿ ಇಲಿಯೊಂದು ರಾಶಿಯ ಮೇಲೆ ಹಾಯ್ದರೆ ಸಾಕು, ಅಟ್ಟದ ತುಂಬ ಯಾರೋ ಹಲ್ಲು ಕಟೆದಂತೆ ಕೇಳಿಸುತ್ತದೆ. ತೋಟದಲ್ಲಿ ಒಣಗಿದ ಗರಿಯೊಂದು ದೊಪ್ಪನೆ ಬೀಳುತ್ತದೆ. ಅರಸೀಕೆರೆಯ ಕಡೆಗೆ ಹೋಗುವ ರೈಲು ದೂರದಲ್ಲಿ ಕೂಗುತ್ತದೆ. ಕೆಳಗೆ ಚಾಪೆಯ ಮೇಲೆ ಮಲಗಿ ಇದನ್ನೆಲ್ಲ ಕೇಳುತ್ತಿರುವ ಹತ್ತು ವರ್ಷದ ಹುಡುಗಿಗೆ ಬೇರೆ ದೆವ್ವವೇಕೆ? ಕಾದಂಬರಿಕಾರನು ಮಾಡಬೇಕಾದುದಿಷ್ಟೇ: ಇಲಿ ಸತ್ತ ಮೇಲೂ ಆ ಸದ್ದು ನಿಲ್ಲಲಿಲ್ಲವೆಂದು ಎರಡನೆಯ ಅಧ್ಯಾಯದಲ್ಲಿ ಹೇಳಬೇಕು.

ಕುಣಿಗಲ್ಲಿನಲ್ಲಿಯೂ ಇದೇ ಸಮೃದ್ಧಿ. ಅಲ್ಲಿಯ ಕೆರೆಯ ಸೊಬಗನ್ನು ಹಾಡುವ ಜನಪದ ಗೀತೆ ನಾಡಿಗೆಲ್ಲ ಗೊತ್ತು. ಅದೇ ಕೆರೆಯ ಏರಿಯ ಮೇಲೆ ಹೊತ್ತು ಮುಳುಗಿದ ಮೇಲೆ ನಡೆದುಹೋದರೆ ಸೊಬಗಿನ ಜೊತೆಗೆ ಬೇರೊಂದು ಭಾವವೂ ಮೂಡುತ್ತದೆ. ಕತ್ತಲೆಯಲ್ಲಿ ನೀರು ಎಷ್ಟು ದೂರದವರೆಗೆ ಇದೆಯೆಂಬುದು ತಿಳಿಯುವುದಿಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇರುವ ಊರು ಅದು. ಸವಾರನಿಲ್ಲದ ಕುದುರೆಯ ಗೊರಸಿನ ಸದ್ದು ಏರಿಯ ಮೇಲೆ ಕೇಳಿಸಿತೆಂದು ಒಬ್ಬ ಹುಡುಗ ಹೇಳಿದರೆ, ಅವನ ಗೆಳೆಯರು ನಂಬದಿರಲು ಕಾರಣವಿಲ್ಲ. ತಾಲ್ಲೂಕಿನಲ್ಲಿಯೇ ಹುತ್ರಿದುರ್ಗದ ಹಾಳುಕೋಟೆಯೂ ಉಂಟು. ಇತ್ತ ತುಮಕೂರಿನ ಬಳಿಯ ದೇವರಾಯನದುರ್ಗದ ಕಾಡು ಒಬ್ಬ ಲೇಖಕನ ಕಣ್ಣಿಗೆ ಆಗಲೇ ಬಿದ್ದಿದೆ. ಬೆಂಗಳೂರಿನಲ್ಲಿ ನೆಲಸಿದ್ದ ಕೆನೆತ್ ಆಂಡರ್ಸನ್ ೧೯೫೪ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬೇಟೆಯ ಕಥೆಗಳಲ್ಲಿ ಒಂದು ಆ ದುರ್ಗದ ಹುಲಿಯನ್ನು ಕುರಿತದ್ದು. ಆಂಡರ್ಸನ್ನನ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಎಂದು ಕನ್ನಡಕ್ಕೆ ತಂದಾಗ ಶಾಲೆಯ ಮಕ್ಕಳು ಅವನ್ನು ಮುಗಿಬಿದ್ದು ಓದಿದರು. ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಕುಣಿಗಲ್ಲಿನ ನೆರೆಯ ಮಾಗಡಿಯ ಹೆಸರನ್ನೇ ಹೊತ್ತಿದೆ. ತಾವು ಕಂಡ ಊರಿನ ಹೆಸರು ಪುಸ್ತಕದಲ್ಲಿ ಬಂದಾಗ ಮಕ್ಕಳ ಎದೆ ಎರಡು ಪಟ್ಟು ವೇಗವಾಗಿ ಬಡಿದುಕೊಳ್ಳುತ್ತದೆ. ಲಂಡನ್ನಿನ ದೆವ್ವ ಲಂಡನ್ನಿನಲ್ಲಿಯೇ ಇರುತ್ತದೆ. ಕುಣಿಗಲ್ಲಿನ ದೆವ್ವವಾದರೋ ಸಂಜೆ ಮನೆಗೆ ಹೋಗುವ ಹಾದಿಯಲ್ಲಿದೆ.

ಆದರೆ ಊರಿನ ಕಥೆಯನ್ನು ಊರು ಹೇಳಿದಂತೆಯೇ ಬರೆದುಬಿಡುವುದರಲ್ಲಿ ಒಂದು ಅಪಾಯವಿದೆ. ಹಳ್ಳಿಯ ದೆವ್ವದ ಕಥೆಗಳಿಗೆ ವಿಳಾಸವಿರುತ್ತದೆ. ಇಂಥ ಮನೆಯ ವಿಧವೆ ಮಾಟ ಮಾಡುತ್ತಾಳೆ, ಇಂಥ ಕೇರಿಯ ಮಸಣದಲ್ಲಿ ಪಿಶಾಚಿಯಿದೆ ಎಂದು ಅವು ಬೆರಳು ತೋರಿಸುತ್ತವೆ. ಹಾಗೆ ಬೆರಳು ತೋರಿಸಿಕೊಂಡ ಮುದುಕಿಯ ಬಾಳು ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಮ್ಮಕ್ಕಳ ವಯಸ್ಸಿನವರು ಅವಳ ಅಂಗಳದ ಮುಂದೆ ಓಡಿಹೋಗುತ್ತಾರೆ. ಅವಳು ಕೊಟ್ಟ ಬೆಲ್ಲವನ್ನು ಮುಟ್ಟುವುದಿಲ್ಲ. ಮಕ್ಕಳಿಗಾಗಿ ಬರೆಯುವವನು ಈ ಕ್ರೌರ್ಯಕ್ಕೆ ಅಕ್ಷರದ ಬಲವನ್ನು ಕೊಡಬಾರದು. ಒಂಟಿಯಾಗಿರುವ ಹೆಂಗಸು, ಗೂನುಬೆನ್ನಿನ ಮುದುಕ, ಮಾತು ಬಾರದ ಹುಡುಗ, ಇವರನ್ನು ಭಯದ ಬೊಂಬೆಗಳನ್ನಾಗಿ ಮಾಡುವ ಲೇಖಕನಿಗೆ ಕಲ್ಪನೆಯೂ ಇಲ್ಲ, ಕರುಣೆಯೂ ಇಲ್ಲ.

ಜನಪದ ಕವಿಗಳು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು. ‘ಕೆರೆಗೆ ಹಾರ’ದಲ್ಲಿ ದೆವ್ವವಿಲ್ಲ. ಕೆರೆಯಲ್ಲಿ ನೀರು ಬರಲಿಲ್ಲವೆಂದು ಮನೆಯವರೇ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ ಆ ಕಥೆಯನ್ನು ಕೇಳಿದಾಗ ಆಗುವ ಭಯ ಯಾವ ಬೇತಾಳನಿಂದಲೂ ಆಗದು. ಭಾಗೀರಥಿಗೂ ಮೊದಲೇ ಗೊತ್ತಿದ್ದು, ಆದರೂ ತಪ್ಪಿಸಿಕೊಳ್ಳಲಾಗದ ಆ ಬಲಿ, ಅದೇ ಭಯಾನಕ. ನಾಡಿನ ಎಷ್ಟೋ ದೆವ್ವದ ಕಥೆಗಳ ಬುಡವನ್ನು ಅಗೆದು ನೋಡಿದರೆ ಅಲ್ಲಿ ಬಾವಿಗೆ ಬಿದ್ದ ಸೊಸೆಯೊಬ್ಬಳೋ, ಕೂಲಿ ಸಿಗದೆ ಸತ್ತ ಆಳೊಬ್ಬನೋ ಇರುತ್ತಾರೆ. ಬದುಕಿದ್ದಾಗ ಯಾರೂ ಕೇಳದ ಅವರ ದೂರನ್ನು ಸತ್ತ ಮೇಲೆ ಊರೇ ಕೇಳಿಸಿಕೊಳ್ಳುತ್ತದೆ. ಹನ್ನೆರಡು ವರ್ಷದ ಓದುಗನಿಗೆ ಇದನ್ನು ಉಪದೇಶವಾಗಿ ಹೇಳಬೇಕಾಗಿಲ್ಲ. ಕಥೆಯ ಹುಡುಗಿ ಬಾವಿಯಲ್ಲಿನ ದನಿಗೆ ಹೆದರಿ ಓಡುವ ಬದಲು, “ನಿಮ್ಮ ಹೆಸರೇನಮ್ಮಾ?” ಎಂದು ಕೇಳಿದರೆ ಸಾಕು.

ಕೊನೆಯನ್ನು ಹೇಗೆ ಮಾಡಬೇಕೆಂಬುದು ಮತ್ತೊಂದು ತೊಡಕು. ದೆವ್ವವೆಂದು ತಿಳಿದದ್ದು ಬಿಳಿಯ ಬಟ್ಟೆ ಹೊದ್ದ ಕಳ್ಳನಾಗಿತ್ತೆಂದು ಮುಗಿಸುವುದು ಹಳೆಯ ವಾಡಿಕೆ. ಮೂಢನಂಬಿಕೆಯನ್ನು ತೊಲಗಿಸಿದೆನೆಂಬ ತೃಪ್ತಿ ಇದರಿಂದ ಲೇಖಕನಿಗೆ ದೊರೆಯಬಹುದು. ಓದಿದ ಮಗುವಿಗೆ ಮೋಸಹೋದೆನೆಂಬ ಭಾವ ಉಳಿಯುತ್ತದೆ. ನೂರು ಪುಟ ಹೆದರಿಸಿ ಕೊನೆಯ ಪುಟದಲ್ಲಿ ನಕ್ಕುಬಿಡುವುದು ಸಜ್ಜನಿಕೆಯಲ್ಲ. ಹಾಗೆಂದು ಎಲ್ಲ ಕಾದಂಬರಿಯಲ್ಲಿಯೂ ದೆವ್ವ ನಿಜವಾಗಿಯೇ ಇರಬೇಕೆಂದಲ್ಲ. ವಿಜ್ಞಾನದ ವಿವರಣೆ ಭಯಕ್ಕಿಂತ ಹೆಚ್ಚು ಬೆರಗನ್ನು ಹುಟ್ಟಿಸುವುದಾದರೆ ಅದು ಒಳ್ಳೆಯ ಕೊನೆಯೇ. ತುಮಕೂರಿನ ಆಸುಪಾಸಿನ ನಾಗವಲ್ಲಿಯಂಥ ಊರುಗಳ ಮರಗಳಲ್ಲಿ ಕಾಡುಪಾಪವೆಂಬ ಪುಟ್ಟ ಪ್ರಾಣಿ ವಾಸಿಸುತ್ತದೆ. ಹಗಲೆಲ್ಲ ಮುದುಡಿ ಮಲಗಿ, ಇರುಳಿನಲ್ಲಿ ಸದ್ದಿಲ್ಲದೆ ಕೊಂಬೆಯಿಂದ ಕೊಂಬೆಗೆ ಸಾಗುತ್ತದೆ. ಟಾರ್ಚಿನ ಬೆಳಕು ಬಿದ್ದರೆ ಅದರ ದುಂಡನೆಯ ಕಣ್ಣುಗಳೆರಡು ಕತ್ತಲಲ್ಲಿ ಕೆಂಡದಂತೆ ಹೊಳೆಯುತ್ತವೆ. ಹುಣಸೆಮರದಲ್ಲಿ ಎರಡು ಕಣ್ಣುಗಳನ್ನು ಕಂಡು ಓಡಿಬಂದ ಮಕ್ಕಳು, ಮೂರನೆಯ ರಾತ್ರಿ ಧೈರ್ಯ ಮಾಡಿ ಹಿಂದಿರುಗಿ ನೋಡಿದಾಗ ಆ ಕಣ್ಣುಗಳ ಒಡೆಯ ಅಂಗೈಗಿಂತ ತುಸು ದೊಡ್ಡದಾದ ಜೀವವೆಂದು ತಿಳಿದರೆ ಅದರಲ್ಲಿ ಮೋಸವೇನಿಲ್ಲ. ಮಾಟಮಂತ್ರದ ಹೆಸರಿನಲ್ಲಿ ಮನುಷ್ಯರು ಆ ಪ್ರಾಣಿಯನ್ನೇ ಹಿಡಿದು ಹಿಂಸಿಸುತ್ತಾರೆಂದು ಅವರಿಗೆ ಆಮೇಲೆ ಗೊತ್ತಾದರೆ, ಹೆದರಬೇಕಾದುದು ಯಾರು ಯಾರಿಗೆ ಎಂಬ ಪ್ರಶ್ನೆಯೂ ತಾನಾಗಿಯೇ ಏಳುತ್ತದೆ.

ಬೇರೆಯ ನುಡಿಗಳಲ್ಲಿ ಈ ಕೆಲಸ ಎಂದೋ ನಡೆದಿದೆ. ಬಂಗಾಳದಲ್ಲಿ ದಕ್ಷಿಣಾರಂಜನ ಮಿತ್ರ ಮಜುಂದಾರರು ಅಜ್ಜಿಯರ ರಾಕ್ಷಸ ಕಥೆಗಳನ್ನು ೧೯೦೭ರಲ್ಲಿಯೇ ಪುಸ್ತಕವಾಗಿಸಿದರು. ಉಪೇಂದ್ರಕಿಶೋರ ರಾಯ್ ಚೌಧುರಿಯವರ ಕಥೆಯಲ್ಲಿ ಹಾಡಲು ಬಾರದ ಗುಪಿಗೂ ಬಾರಿಸಲು ಬಾರದ ಬಾಘನಿಗೂ ವರ ಕೊಡುವವು ದೆವ್ವಗಳೇ. ಅದನ್ನು ಅವರ ಮೊಮ್ಮಗ ಸತ್ಯಜಿತ್ ರಾಯ್ ೧೯೬೯ರಲ್ಲಿ ಚಲನಚಿತ್ರವಾಗಿಸಿದರು. ಅಮೆರಿಕದಲ್ಲಿ ಆರ್. ಎಲ್. ಸ್ಟೈನ್ ೧೯೯೨ರಲ್ಲಿ ‘ಗೂಸ್‌ಬಂಪ್ಸ್’ ಮಾಲೆಯನ್ನು ಆರಂಭಿಸಿದರು. ಪ್ರತಿ ಅಧ್ಯಾಯದ ಕೊನೆಯಲ್ಲಿ ಬೆಚ್ಚಿಬೀಳಿಸಿ, ಮುಂದಿನ ಅಧ್ಯಾಯದಲ್ಲಿ ಅದು ಏನೂ ಅಲ್ಲವೆಂದು ತೋರಿಸುವ ಅವರ ಯುಕ್ತಿ ಮೂರನೆಯ ಪುಸ್ತಕದ ಹೊತ್ತಿಗೆ ಸವೆದುಹೋಗುತ್ತದೆ. ಆದರೂ ಓದುವ ಅಭ್ಯಾಸವಿಲ್ಲದ ಮಕ್ಕಳನ್ನು ಪುಸ್ತಕಕ್ಕೆ ಎಳೆದುತಂದ ಶ್ರೇಯಸ್ಸು ಅವರಿಗೆ ಸಲ್ಲಬೇಕು. ಇವಕ್ಕಿಂತ ಮೇಲ್ಮಟ್ಟದ್ದು ೨೦೦೨ರಲ್ಲಿ ಬಂದ ನೀಲ್ ಗೈಮನ್ನನ ‘ಕೊರಲೈನ್’. ಅದರ ಹುಡುಗಿ ಮನೆಯ ಬಾಗಿಲೊಂದನ್ನು ತೆರೆದು ಅತ್ತ ಹೋದಾಗ ಅಲ್ಲಿ ಅವಳ ತಾಯಿಯಂಥದೇ ಮತ್ತೊಬ್ಬ ತಾಯಿ ಕಾದಿರುತ್ತಾಳೆ, ಕಣ್ಣುಗಳಿದ್ದೆಡೆ ಗುಂಡಿಗಳು. ತಾಯಿಯ ದನಿಯಲ್ಲಿ ಕರೆಯುವ, ಆದರೆ ತಾಯಿಯಲ್ಲದ ಯಾವುದೋ ಒಂದು! ಅದಕ್ಕೂ ಹತ್ತು ವರ್ಷ ಮುಂಚೆ ಕರ್ನಾಟಕದ ಬಾಗಿಲುಗಳನ್ನು ತಟ್ಟಿದುದು ಇದೇ ಭಯ. ಅಲ್ಲಿ ಅದು ಕಾದಂಬರಿಯಾಯಿತು, ಇಲ್ಲಿ ಬಾಗಿಲ ಮೇಲಿನ ಬರಹವಾಗಿ ಅಳಿಸಿಹೋಯಿತು.

ಇದರ ಫಲವನ್ನು ತುಮಕೂರು ಜಿಲ್ಲೆಯಲ್ಲಿಯೇ ಕಾಣಬಹುದು. ನಗರದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಭಯ ಬೇಕೆನಿಸಿದಾಗ ಅಂಗಡಿಯಲ್ಲಿ ಇಂಗ್ಲಿಷ್ ಪುಸ್ತಕ ದೊರೆಯುತ್ತದೆ. ಕುಣಿಗಲ್ ತಾಲ್ಲೂಕಿನ ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗೆ ದೊರೆಯುವುದು ವದಂತಿ, ಇಲ್ಲವೆ ಅಣ್ಣನ ಮೊಬೈಲು. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಭಯವನ್ನು ಕಥೆಯೆಂದು ಅರಿತು ಬೆಳೆಯುತ್ತಾರೆ, ಇನ್ನೊಬ್ಬರು ನಿಜವೆಂದು ನಂಬಿ ಬೆಳೆಯುತ್ತಾರೆ. ಮೂಢನಂಬಿಕೆಯನ್ನು ಕುರಿತು ಚಿಂತಿಸುವ ಹಿರಿಯರು ಶಾಲೆಯ ಪುಸ್ತಕದ ಕಪಾಟಿನಲ್ಲಿ ಇಂಥ ಕಾದಂಬರಿಗಳು ಇಲ್ಲದಿರುವುದನ್ನು ಕುರಿತೂ ಚಿಂತಿಸಬೇಕು.

ಬರೆಯಬಲ್ಲವರು ಇಲ್ಲವೆಂದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನು ೨೦೨೨ರಲ್ಲಿ ತಮ್ಮಣ್ಣ ಬೀಗಾರರ ಕಾದಂಬರಿ ‘ಬಾವಲಿ ಗುಹೆ’, ೨೦೨೩ರಲ್ಲಿ ವಿಜಯಶ್ರೀ ಹಾಲಾಡಿಯವರ ಕಾದಂಬರಿ ‘ಸೂರಕ್ಕಿ ಗೇಟ್’ ಪಡೆದವು. ೨೦೨೪ರಲ್ಲಿ ಅದು ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಎಂಬ ಸಂಕಲನಕ್ಕೆ ಸಂದಿತು. ಅವರು ತುಮಕೂರು ಜಿಲ್ಲೆಯವರೇ. ಮಕ್ಕಳಿಗಾಗಿ ಉದ್ದನೆಯ ಕಥೆಯನ್ನು ಹೇಳುವ ಶಕ್ತಿ ಕನ್ನಡದಲ್ಲಿ ಇದೆಯೆಂಬುದಕ್ಕೆ ಇವು ಸಾಕ್ಷಿ. ಭಯದ ಕಾದಂಬರಿಗೆ ಬೇಕಾದ ಸಾಮಗ್ರಿಯಾದರೋ ಗುಬ್ಬಿಯ ಅಟ್ಟಗಳ ಮೇಲೆ, ಕುಣಿಗಲ್ಲಿನ ಏರಿಯ ಮೇಲೆ, ನಾಗವಲ್ಲಿಯ ಹುಣಸೆಮರಗಳಲ್ಲಿ ಬಿದ್ದಿದೆ. ಅದನ್ನು ನೆನಪಿನಲ್ಲಿಟ್ಟುಕೊಂಡಿರುವ ಅಜ್ಜಿಯರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ. ಶಾಲೆಯ ಮಕ್ಕಳೇ ದಸರಾ ರಜೆಯಲ್ಲಿ ನೋಟುಪುಸ್ತಕ ಹಿಡಿದು ಅವರ ಬಳಿ ಕುಳಿತು, ಯಾವ ಮರ, ಯಾವ ಬಾವಿ, ಯಾವ ಕಾಲದಲ್ಲಿ ಎಂದು ಕೇಳಿ ಬರೆದುಕೊಂಡರೆ, ಮುಂದೆ ಕಾದಂಬರಿ ಬರೆಯುವವರಿಗೆ ಅರ್ಧ ಕೆಲಸ ಆದಂತೆಯೇ.